ಬಲಮೂಲೆಯ ಹಕ್ಕಿ

ನಾನು ತೆಗೆದ ಯಾವ ಫೋಟೋವನ್ನಾದರೂ ನೋಡಿ, ಆಕಾಶದ ಬಲಮೂಲೆಯಲ್ಲಿ ಒಂದು ಹಕ್ಕಿ ಇದ್ದೇ ಇರುತ್ತದೆ. ಬಸವಕಲ್ಯಾಣದ ಕೋಟೆಯ ಬುರುಜಿನ ಮೇಲಿದೆ, ತ್ರಿಪುರಾಂತ ಕೆರೆಯ ಮೇಲಿದೆ, ನಮ್ಮ ಕಾಲೇಜಿನ ಧ್ವಜಾರೋಹಣದ ದಿನವಂತೂ ಧ್ವಜಕ್ಕಿಂತ ತುಸು ಎತ್ತರದಲ್ಲೇ ಇದೆ. ಬೆಳಿಗ್ಗೆ ತೆಗೆದರೂ ಅದೇ ಜಾಗ, ಸಂಜೆ ತೆಗೆದರೂ ಅದೇ ಜಾಗ. ರೆಕ್ಕೆ ಬಡಿಯುವುದಿಲ್ಲ, ಗೂಡಿಗೆ ಮರಳುವುದಿಲ್ಲ, ಮಳೆಗಾಲದಲ್ಲಿ ನೆನೆಯುವುದೂ ಇಲ್ಲ. ಇಷ್ಟು ವಿಧೇಯವಾದ ಪಕ್ಷಿಯನ್ನು, ಅದಿರಲಿ, ಇಷ್ಟು ವಿಧೇಯನಾದ ವಿದ್ಯಾರ್ಥಿಯನ್ನೂ ಕನ್ನಡ ಕಲಿಸುವ ನನ್ನ ವೃತ್ತಿಜೀವನದಲ್ಲಿ ಕಂಡದ್ದಿಲ್ಲ. ನೀವು ಜಾಣರು, ನಾಲ್ಕು ಫೋಟೋ ನೋಡುವಷ್ಟರಲ್ಲಿ ನಿಮಗೆ ಗುಮಾನಿ ಬಂದೀತು. ಬಂದರೆ ಬರಲಿ. ನಾನು ಅದನ್ನು ಹಕ್ಕಿಯೆಂದೇ ಕರೆಯುತ್ತ ಬಂದಿದ್ದೇನೆ. ಹುಮನಾಬಾದಿನ ನನ್ನ ಭಾವ ಮಾತ್ರ ಅದನ್ನು ಧೂಳು ಎನ್ನುತ್ತಾರೆ.

ಈ ಹಕ್ಕಿಯ ಜನ್ಮವೃತ್ತಾಂತವನ್ನು ಹೇಳಿಬಿಡುತ್ತೇನೆ. ನನ್ನದು ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಬದಲಿಸಬಹುದು ಎಂಬುದು ಸಂವಿಧಾನದತ್ತ ಹಕ್ಕು. ಬದಲಿಸಲು ಇನ್ನೊಂದು ಲೆನ್ಸ್ ಇಲ್ಲ ಎಂಬುದು ಸಂಸಾರದತ್ತ ವಾಸ್ತವ. ಕ್ಯಾಮೆರಾದ ಜೊತೆಗೆ ಡಬ್ಬಿಯಲ್ಲಿ ಬಂದ ಒಂದೇ ಒಂದು ಲೆನ್ಸು ಹತ್ತು ವರ್ಷ ಮಿಕ್ಕಿದರೂ ಅದರ ಮೂತಿಗೆ ಅಂಟಿಕೊಂಡು, ಏಕಪತ್ನೀವ್ರತವನ್ನು ನಿಷ್ಠೆಯಿಂದ ನಡೆಸಿಕೊಂಡು ಬಂದಿದೆ. ಒಮ್ಮೆ ಮಾತ್ರ, ಸಹೋದ್ಯೋಗಿಗಳೊಂದಿಗೆ ಕೋಟೆಗೆ ಹೋಗಿದ್ದಾಗ, ಬದಲಿಸುವುದು ಹೇಗೆಂದು ತೋರಿಸುವ ಉಮೇದು ಬಂತು. ಗುಂಡಿ ಒತ್ತಿ, ತಿರುವಿ, ಲೆನ್ಸನ್ನು ಕಳಚಿ, ಒಳಗಿನ ಪುಟ್ಟ ಕನ್ನಡಿಯನ್ನು ಮದುಮಗಳ ಮುಖ ತೋರಿಸಿದಂತೆ ಎಲ್ಲರಿಗೂ ತೋರಿಸಿದೆ. ಎಲ್ಲರೂ ಬಗ್ಗಿ ನೋಡಿದರು. ಕೋಟೆಯ ಗಾಳಿಯೂ ಬಗ್ಗಿ ನೋಡಿತು. ಅಂದಿನಿಂದ ಹಕ್ಕಿ ಅಲ್ಲಿದೆ. ತಪ್ಪು ಯಾರದು ಎಂದು ಕೇಳಿದರೆ ಗಾಳಿಯದು ಎಂದೇ ನನ್ನ ಖಚಿತ ಅಭಿಪ್ರಾಯ.

ಭಾವನವರು ನನ್ನ ಅಕ್ಕ ಶಾಂತಕ್ಕನ ಯಜಮಾನರು, ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವರು, ಹೆಸರು ವೀರಶೆಟ್ಟಿ. ನಾನು ಕ್ಯಾಮೆರಾ ಕೊಂಡ ಮರುವರ್ಷವೇ ಅವರೂ ಒಂದನ್ನು ಕೊಂಡರು. ಸ್ಪರ್ಧೆಗಾಗಿ ಅಲ್ಲವಂತೆ, ಬೆಳೆಗೆ ಬಿದ್ದ ರೋಗದ ಫೋಟೋ ತೆಗೆದು ಕಂಪನಿಯವರಿಗೆ ತೋರಿಸಲಿಕ್ಕಂತೆ. ಆದರೆ ತೊಗರಿಯ ಎಲೆಯ ಫೋಟೋ ತೆಗೆದದ್ದಕ್ಕಿಂತ ಹೆಚ್ಚು ಸಲ ಅವರು ಆ ಕ್ಯಾಮೆರಾವನ್ನು ನನ್ನ ಕ್ಯಾಮೆರಾದ ಪಕ್ಕದಲ್ಲಿ ಇಟ್ಟು ನೋಡಿದ್ದಾರೆ. ಎರಡೂ ಆಯಾ ಕಂಪನಿಗಳು ಕಲಿಯುವವರಿಗೆಂದು ಮಾಡಿದ, ತೀರಾ ಕೆಳಗಿನ ಮೆಟ್ಟಿಲಿನ ಮಾದರಿಗಳು. ಕಂಪನಿಯವರು ಆಮೇಲೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದರು. ನಾವಿಬ್ಬರೂ ಕೆಳಗಿನ ಮೆಟ್ಟಿಲ ಮೇಲೆಯೇ ಕೂತು, ನನ್ನ ಮೆಟ್ಟಿಲು ಎತ್ತರವೋ ನಿನ್ನದೋ ಎಂದು ಜಗಳವಾಡುತ್ತ ಮುದುಕರಾಗುತ್ತಿದ್ದೇವೆ.

ತುಲನೆ ಹೀಗಿದೆ. ನನ್ನದರಲ್ಲಿ ಕನ್ನಡಿ ಇದೆ, ಅವರದರಲ್ಲಿ ಇಲ್ಲ. ನನ್ನದರ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿನ ಲೋಕ ಇದ್ದದ್ದು ಇದ್ದಂತೆ ಕಾಣುತ್ತದೆ. ಅವರದಕ್ಕೆ ಕಿಂಡಿಯೇ ಇಲ್ಲ, ಬೆನ್ನ ಮೇಲಿನ ಪರದೆಯನ್ನೇ ನೋಡಬೇಕು, ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಆ ಪರದೆಯಲ್ಲಿ ಕಾಣುವುದು ಭಾವನವರ ಮುಖ ಮತ್ತು ಅವರ ಮೀಸೆ ಮಾತ್ರ. ನನ್ನದು ಭಾರ, ಕೊರಳಿಗೆ ಹಾಕಿಕೊಂಡರೆ ನೊಗ ಹೊತ್ತ ಎತ್ತಿನ ಸ್ಥಿತಿ. ಅವರದು ಅಂಗಿಯ ಜೇಬಿನಲ್ಲಿ ಹೆಚ್ಚುಕಡಿಮೆ ಹಿಡಿಯುತ್ತದೆ. ನನ್ನದರ ಬ್ಯಾಟರಿ ಒಮ್ಮೆ ತುಂಬಿಸಿದರೆ ಮದುವೆ ಮುಗಿದು ಬೀಗರ ಊಟವಾದರೂ ನಡೆಯುತ್ತದೆ. ಅವರದು ಅಕ್ಷತೆಯ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ಆದರೆ ಮಬ್ಬುಬೆಳಕಿನಲ್ಲಿ ನನ್ನದು ರಾಗಿ ಚೆಲ್ಲಿದಂತೆ ಕಾಳುಕಾಳಾದ ಚಿತ್ರ ಕೊಡುತ್ತದೆ, ಅವರದು ಮಿದುವಾಗಿ, ನಯವಾಗಿ ಕೊಡುತ್ತದೆ. ಇದನ್ನು ನಾನು ನಿಮಗೆ ಹೇಳುತ್ತಿದ್ದೇನೆ, ಅವರಿಗೆ ಇವತ್ತಿನವರೆಗೂ ಹೇಳಿಲ್ಲ. ಇನ್ನು ಶಬ್ದ. ನನ್ನದು ಫೋಟೋ ತೆಗೆದಾಗ 'ಖಟಕ್' ಎನ್ನುತ್ತದೆ, ಪಡಸಾಲೆಯ ಬಾಗಿಲಿಗೆ ಅಗಳಿ ಹಾಕಿದಂತೆ. ಅವರದು ಬಾಯಿ ಬಿಡುವುದಿಲ್ಲ. "ನಿಮ್ದು ಫೋಟೋ ತಗೀತದೋ ಅಡಕಿ ಕತ್ತರಸ್ತದೋ ಮಾಸ್ತರ್ರ?" ಎಂದು ಭಾವ ಕೇಳುತ್ತಾರೆ. "ನಿಮ್ದು ಜೀವ ಅದನೋ ಇಲ್ಲೋ, ಜರಾ ನಾಡಿ ಹಿಡಿದು ನೋಡ್ರಿ" ಎಂದು ನಾನು ಅನ್ನುತ್ತೇನೆ.

ಈ ವಾದ ಹಬ್ಬಕ್ಕೆ, ಹುಣ್ಣಿಮೆಗೆ, ಮುಂಜಿಗೆ, ಮನೆ ವಾಸ್ತುವಿಗೆ ಎರಡು ಊರುಗಳ ನಡುವೆ ಬಸ್ಸಿನಂತೆ ಓಡಾಡಿಕೊಂಡಿತ್ತು. ಹೋಲಿಸುವುದು ಮನುಷ್ಯನ ಸಹಜಧರ್ಮವೆಂದು ತೋರುತ್ತದೆ. ಕಲ್ಯಾಣದವರು ಹುಮನಾಬಾದಿನ ಚಹಾ ಕುಡಿದು ನಮ್ಮೂರಿನದೇ ಮೇಲು ಎನ್ನುತ್ತಾರೆ, ಹುಮನಾಬಾದಿನವರು ನಮ್ಮೂರಿಗೆ ಬಂದು ಅದನ್ನೇ ತಿರುಗಿಸಿ ಹೇಳುತ್ತಾರೆ, ಚಹಾ ಮಾತ್ರ ಎರಡೂ ಕಡೆ ಅದೇ ಸಕ್ಕರೆಯ ಪಾಕ. ಅಕ್ಕನಿಗಂತೂ ನಮ್ಮಿಬ್ಬರ ಕಾಟ ಸಾಕಾಗಿ, ಊಟಕ್ಕೆ ಕೂಡುವ ಮೊದಲೇ ಎರಡೂ ಕ್ಯಾಮೆರಾಗಳನ್ನು ಒಯ್ದು ಗೋಧಿಯ ಡಬ್ಬಿಯ ಮೇಲೆ ಇಟ್ಟುಬಿಡುತ್ತಿದ್ದಳು.

ಹೀಗೆ ಸುಖವಾಗಿ ಜಗಳವಾಡಿಕೊಂಡಿದ್ದ ನಮ್ಮ ನಡುವೆ ಭಾವನವರ ಮಗಳು ಭಾಗ್ಯಶ್ರೀ ಬಂದು ನಿಂತಳು. ಡಿಗ್ರಿ ಮುಗಿಸಿದ ಹುಡುಗಿ. ಮೊಬೈಲಿನಲ್ಲಿ ಓಣಿಯ ಹೆಣ್ಣುಮಕ್ಕಳ ಫೋಟೋ ತೆಗೆದು ತೆಗೆದು, ಎಲ್ಲರಿಂದ ಶಹಬ್ಬಾಸ್ ಎನಿಸಿಕೊಂಡು, ಇನ್ನು ಮುಂದೆ ನಾನು ಇದೇ ಕೆಲಸ ಮಾಡುತ್ತೇನೆ ಎಂದು ಹಟ ಹಿಡಿದಿದ್ದಳು. ಭಾವನವರಿಗೆ ಮಗಳು ಬಿ.ಎಡ್. ಮಾಡಿ ಟೀಚರಾಗಬೇಕೆಂಬ ಆಸೆ. ಮನೆಯಲ್ಲಿ ತಕರಾರು ನಡೆದು, ಅಕ್ಕ ನಡುವೆ ಬಂದು, ಕೊನೆಗೆ ಒಂದು ಕರಾರಾಯಿತು. ಚಿಟಗುಪ್ಪದ ಒಂದು ರೈತರ ಮನೆಯಲ್ಲಿ ಸೊಸೆಯ ಕುಬಸ, ಅಂದರೆ ಸೀಮಂತ, ಗೊತ್ತಾಗಿತ್ತು. ಆ ಸೊಸೆಯ ಮದುವೆಯಲ್ಲಿ ಗಂಡಸು ಫೋಟೋದವನು 'ತಲಿ ಎತ್ರಿ, ಗದ್ದ ಇಳಸ್ರಿ' ಎಂದು ಒದರಾಡಿ ಒದರಾಡಿ, ಹುಡುಗಿ ನಾಚಿ ಎಲ್ಲ ಫೋಟೋದಲ್ಲೂ ನೆಲವನ್ನೇ ನೋಡಿದ್ದಳಂತೆ. ಹೆಂಗಸರೇ ಸೇರುವ ಕುಬಸಕ್ಕೆ ಹೆಣ್ಣುಮಗಳೇ ಫೋಟೋ ತೆಗೆಯಬೇಕೆಂದು ಅವರು ಭಾಗ್ಯಾಳನ್ನು ಕರೆಸಿದ್ದರು. ಆ ಮನೆಯವರು ಫೋಟೋ ಮೆಚ್ಚಿದರೆ ಅವಳ ಹಾದಿ ಅವಳಿಗೆ. ಮೆಚ್ಚದಿದ್ದರೆ ತಕರಾರಿಲ್ಲದೆ ಬಿ.ಎಡ್. ಇಷ್ಟೇ ಕರಾರು. ಆದರೆ ದೊಡ್ಡ ಮನೆತನದ ಕಾರ್ಯಕ್ರಮ, ಮೊಬೈಲು ಹಿಡಿದು ನಿಂತರೆ ಹೇಗಾದೀತು? ಕ್ಯಾಮೆರಾ ಬೇಕು.

"ನಿಮ್ಮಿಬ್ಬರದ್ರಾಗ ಯಾವ್ದು ಛಲೋ ಅದ ಹೇಳ್ರಿ ಮಾಮಾ. ಅದನ್ನ ಒಯ್ತೀನಿ, ಕೆಲ್ಸ ನಡೀತಂದ್ರ ನನ್ನ ಹಂತೇಕೇ ಇರ್ಲಿ" ಎಂದಳು.

ಓದುಗ ಮಹಾಶಯರೇ, ಇಷ್ಟು ವರ್ಷ ಯಾವ ಪ್ರಶ್ನೆಗಾಗಿ ನಾವಿಬ್ಬರೂ ಗಂಟಲು ಹರಿದುಕೊಂಡಿದ್ದೆವೋ ಆ ಪ್ರಶ್ನೆ ಕೊನೆಗೂ ನ್ಯಾಯಾಧೀಶರ ಬಾಯಿಂದ ಬಂದಿತ್ತು. ನಾನು ಭಾವನ ಮುಖ ನೋಡಿದೆ, ಭಾವ ನನ್ನ ಮುಖ ನೋಡಿದರು. ಛಲೋದು ಅವಳ ಬಳಿಯೇ ಉಳಿಯುತ್ತದೆ, ಅಂದರೆ ಛಲೋದರ ಒಡೆಯ ಬರಿಗೈಯಲ್ಲಿ ಉಳಿಯುತ್ತಾನೆ. ನಾನು ಗಂಟಲು ಸರಿಪಡಿಸಿಕೊಂಡು, ನಿಷ್ಪಕ್ಷಪಾತವಾಗಿ ನೋಡಿದರೆ ನಿಮ್ಮಪ್ಪನ ಕ್ಯಾಮೆರಾ ಹಗುರ, ಆಧುನಿಕ, ಮಬ್ಬಿನಲ್ಲೂ ನಯ ಎಂದು ಅದರ ಗುಣಗಾನ ಆರಂಭಿಸಿದೆ. ಭಾವನವರು ಸುಮ್ಮನಿರುವ ಆಸಾಮಿಯೇ? "ಛೇ ಛೇ, ಮಾಸ್ತರ್ರ ಕ್ಯಾಮೆರಾದ ಮುಂದ ನಂದೇನ್ ಹಚ್ಚೀರಿ! ಕಿಂಡಿ ಅದ, ಕನ್ನಡಿ ಅದ, ಬ್ಯಾಟರಿ ಅಂದ್ರ ಬ್ಯಾಟರಿ. ಮ್ಯಾಲ ಸೋದರಮಾವ ಕೊಟ್ಟದ್ದು ಅಂದ್ರ ಶುಭ" ಎಂದು ಸಂಪ್ರದಾಯದ ದೊಡ್ಡ ಅಸ್ತ್ರವನ್ನೇ ತೆಗೆದರು. ನಮ್ಮ ಕಡೆ ಅಕ್ಕ-ತಂಗಿಯರ ಮಕ್ಕಳ ಶುಭಕಾರ್ಯಕ್ಕೆ ಸೋದರಮಾವ ಮುಂದೆ ನಿಲ್ಲಬೇಕು, ಇಲ್ಲವೆನ್ನುವ ಹಾಗಿಲ್ಲ. ನಾನು ಧೂಳು ಬಿದ್ದಿದೆಯಲ್ಲ ಎಂದೆ. ಆಯುಷ್ಯದಲ್ಲಿ ಮೊದಲ ಬಾರಿಗೆ ನನ್ನ ಬಾಯಿಂದ ಧೂಳು ಎಂಬ ಶಬ್ದ ಬಂದಿತ್ತು. ಭಾವನವರು ಅಷ್ಟೇ ಗಾಂಭೀರ್ಯದಿಂದ, ಅದೇನು ಮಹಾ, ಕಂಡೂ ಕಾಣದಷ್ಟು ಸಣ್ಣದು ಎಂದರು.

ಅಕ್ಕ ಒಳಗಿಂದ ಬಂದು, ಚುರುಮುರಿ ಸುಸಲಾದ ತಟ್ಟೆಗಳನ್ನು ನಮ್ಮೆದುರು ಕುಕ್ಕಿ, "ಖರೇ ಹೇಳಬೇಕಂದ್ರ ಇಬ್ರಿಗೂ ಕೊಡೂ ಮನಸಿಲ್ಲ. ಭಾಗ್ಯಾ, ಎರಡೂ ಹಿಡಿ, ಇಲ್ಲೇ ತಗದು ನೋಡು. ನಾನೇ ಬಸರಿ ಆಗಿ ಕುಂದರ್ತೀನಿ" ಎಂದಳು. ಅರವತ್ತರ ಅಂಚಿನಲ್ಲಿರುವ ಅಕ್ಕ ಹಸಿರು ಸೀರೆ ಉಟ್ಟು, ಪಡಸಾಲೆಯ ಮಂಚದ ಮೇಲೆ ಚೊಚ್ಚಲ ಬಸುರಿಯ ಠೀವಿಯಲ್ಲಿ ಕೂತದ್ದನ್ನು ನೋಡಿ ಭಾವನವರು ನೆತ್ತಿಗೇರಿದ ಚುರುಮುರಿಯನ್ನು ಬಹಳ ಹೊತ್ತು ಕೆಮ್ಮಿದರು.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಲೇಬೇಕು. ನಮ್ಮ ಕಡೆಯವರಿಗೆ ಫೋಟೋ ಎಂದರೆ ನಗುವ ವಿಷಯವಲ್ಲ. ಈಗಿನ ಹುಡುಗರನ್ನು ಬಿಡಿ, ಅವರು ಹುಟ್ಟುವಾಗಲೇ ಮೊಬೈಲಿಗೆ ಮುಖ ಮಾಡಿದವರು. ಅಕ್ಕನ ವಯಸ್ಸಿನವರು ಫೋಟೋ ಎಂದೊಡನೆ ಸೆರಗು ಸರಿಪಡಿಸಿ, ಕೈಗಳನ್ನು ಮೊಣಕಾಲ ಮೇಲೆ ಊರಿ, ಸೂಜಿ ಚುಚ್ಚಿಸಿಕೊಳ್ಳುವವರಂತೆ ಉಸಿರು ಬಿಗಿಹಿಡಿದು ಬಿಡುತ್ತಾರೆ. ಆ ಉಸಿರು ಮತ್ತೆ ಹೊರಗೆ ಬರುವುದು ಫೋಟೋ ಆಯಿತೆಂದು ಗೊತ್ತಾದ ಮೇಲೆಯೇ. ಭಾಗ್ಯಾ ಮೊದಲು ಅಪ್ಪನ ಕ್ಯಾಮೆರಾದಿಂದ ತೆಗೆದಳು. ಅದು ಮೌನಿ. ಅಕ್ಕ ಉಸಿರು ಹಿಡಿದು ಕೂತೇ ಇದ್ದಳು, ಮುಖ ಕೆಂಪಾಯಿತು, ಕಡೆಗೆ ತುಟಿ ಅಲುಗಿಸದೆ "ತಗದೀ ಏನು?" ಎಂದಳು. ಎಷ್ಟು ತೆಗೆದರೂ ಎಲ್ಲದರಲ್ಲೂ ಅದೇ ಬಿಗುವು, ಸಾಲ ವಸೂಲಿಗೆ ಬಂದವರ ಮುಖ. ಆಮೇಲೆ ನನ್ನ ಕ್ಯಾಮೆರಾ ಎತ್ತಿದಳು. ಖಟಕ್! ಅದರಲ್ಲೂ ಬಿಗಿದ ಮುಖವೇ ಬಂತು, ಮೇಲಿಂದ ಕಣ್ಣು ಬೇರೆ ಮುಚ್ಚಿತ್ತು. ಆದರೆ ಖಟಕ್ ಎಂದ ಮರುಕ್ಷಣ ಅಕ್ಕ "ಯವ್ವಾ, ಮುಗೀತು" ಎಂದು ಉಸಿರು ಬಿಟ್ಟು, ಹೆಗಲು ಇಳಿಸಿ, ಗಂಡನನ್ನು ನೋಡಿ ನಕ್ಕಳು. ಆ ನಗೆ ಎಂಥದೆಂದರೆ, ನನ್ನ ಅಕ್ಕ ಇಷ್ಟು ಚೆಲುವೆಯೆಂದು ನನಗೇ ಮರೆತುಹೋಗಿತ್ತು.

ಭಾಗ್ಯಾ ಎರಡೂ ಕ್ಯಾಮೆರಾಗಳನ್ನು ಒಮ್ಮೆ ನೋಡಿದಳು. ಆಮೇಲೆ ನನ್ನ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ಅಪ್ಪನದನ್ನು ಎಡಗೈಯಿಂದ ಸೊಂಟದ ಹತ್ತಿರ ಹಿಡಿದು, ಪರದೆಯನ್ನು ಮೇಲಕ್ಕೆ ಓರೆ ಮಾಡಿಕೊಂಡಳು. "ಅವ್ವಾ, ಇನ್ನೊಂದು." ಅಕ್ಕ ಉಸಿರು ಹಿಡಿದಳು. ನನ್ನದು ಖಟಕ್ ಎಂದಿತು. ಅಕ್ಕ ಉಸಿರು ಬಿಟ್ಟು ನಕ್ಕಳು. ಆಗ, ಯಾರಿಗೂ ಗೊತ್ತಾಗದಂತೆ, ಸೊಂಟದ ಬಳಿಯ ಮೌನಿ ತನ್ನ ಕೆಲಸ ಮಾಡಿ ಮುಗಿಸಿತು. ಆ ಫೋಟೋ ನೋಡಿ ಭಾವನವರು ಕಣ್ಣೊರೆಸಿಕೊಂಡರು, ಚುರುಮುರಿಯಿಂದಲ್ಲ.

ಹಾಗಾಗಿ ತೀರ್ಪು ಹೊರಬಿತ್ತು. ಎರಡೂ ಬೇಕು. ಒಂದು ಸದ್ದು ಮಾಡಲಿಕ್ಕೆ, ಇನ್ನೊಂದು ಫೋಟೋ ತೆಗೆಯಲಿಕ್ಕೆ. ಕಿಂಡಿ, ಕನ್ನಡಿ, ಬ್ಯಾಟರಿ ಎಂದು ಹತ್ತು ವರ್ಷ ಮೆರೆಸಿದ ನನ್ನ ಕ್ಯಾಮೆರಾದ ಪರಮ ಯೋಗ್ಯತೆ ಅಡಿಕೆ ಕತ್ತರಿಸುವ ಆ ಶಬ್ದವೊಂದೇ ಎಂದು ಸಾಬೀತಾಯಿತು. ಭಾವನವರು ಜಯಭೇರಿ ಹೊಡೆಯಲು ಬಾಯಿ ತೆರೆದರು, ಆದರೆ ಅಷ್ಟರಲ್ಲಿ ತಮ್ಮ ಕ್ಯಾಮೆರಾವೂ ಹೋಗಲಿದೆ ಎಂಬುದು ಹೊಳೆದು ಬಾಯಿ ಮುಚ್ಚಿಕೊಂಡರು.

ಕುಬಸದ ದಿನ ನಾವಿಬ್ಬರೂ ಕಾವಲಿಗೆಂಬ ನೆಪದಲ್ಲಿ ಚಿಟಗುಪ್ಪಕ್ಕೆ ಹೋದೆವು; ಖರೇ ಹೇಳಬೇಕೆಂದರೆ, ಮಗಳನ್ನು ಕಳಿಸಿದ ತಂದೆಯ ಕಳವಳ ಒಂದು ಪಾಲು, ಕ್ಯಾಮೆರಾ ಕಳಿಸಿದ ತಂದೆಯರ ಕಳವಳ ಮೂರು ಪಾಲು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತೆವು. ಒಳಗೆ ಹಸಿರು ಬಳೆಗಳ ಸದ್ದು, ಸೋಬಾನೆ ಪದ, ನಡುನಡುವೆ ಖಟಕ್. ಖಟಕ್ ಆದೊಡನೆ ಒಂದು ಕ್ಷಣ ನಿಶ್ಶಬ್ದ, ಹಿಂದೆಯೇ ಹೆಂಗಸರ ನಗೆ. ಖಟಕ್ ಆದಾಗ ನಾನು ಭಾವನ ಕಡೆ ಹೆಮ್ಮೆಯಿಂದ ನೋಡುತ್ತಿದ್ದೆ. ಅದರ ನಂತರದ ನಿಶ್ಶಬ್ದದಲ್ಲಿ ಅವರು ನನ್ನ ಕಡೆ ಅದಕ್ಕಿಂತ ಹೆಮ್ಮೆಯಿಂದ ನೋಡುತ್ತಿದ್ದರು. ಹೋಳಿಗೆ, ತುಪ್ಪ, ಕಟ್ಟಿನ ಸಾರು ಹೊರಗೇ ಬಂದವು. ಮಗಳು ಬಿ.ಎಡ್. ಮಾಡಬೇಕೆಂದು ಕರಾರು ಹಾಕಿದ ಅದೇ ಮನುಷ್ಯ, ನಗೆ ತುಸು ತಡವಾದರೆ ಹೋಳಿಗೆಯ ತುತ್ತನ್ನು ಕೈಯಲ್ಲೇ ಹಿಡಿದು ಕಿವಿಗೊಡುತ್ತಿದ್ದರು.

ಊಟವಾದ ಮೇಲೆ ಭಾಗ್ಯಾ ಬಾಗಿಲಿಗೆ ಬಂದಳು. ಮುಖ ಬಾಡಿತ್ತು. "ಅಪ್ಪಾ, ನಿಮ್ದು ಬಂದ್ ಆತು." ಅಕ್ಷತೆಯ ಹೊತ್ತಿಗೆ ಕಣ್ಣು ಮುಚ್ಚುವ ಬ್ಯಾಟರಿ ಆರತಿಯವರೆಗೆ ಬಂದದ್ದೇ ಪುಣ್ಯ. ಮುಖ್ಯವಾದ ಫೋಟೋವೇ ಉಳಿದಿತ್ತು. ಆ ಮನೆಯ ಹಿರಿಯಾಕೆ, ಅಂದರೆ ಬಸುರಿಯ ಅತ್ತೆ, ಸೊಸೆಯ ಗದ್ದ ಹಿಡಿದು ಹರಸುವುದು. ಅದನ್ನು ಅಂಗಳದ ಬಿಸಿಲಿನಲ್ಲಿ, ಸುಣ್ಣ ಬಳಿದ ಗೋಡೆಯ ಮುಂದೆ ತೆಗೆದು, ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ಹಾಕಬೇಕೆಂಬುದು ಅವರ ಆಸೆ. ಭಾವನವರು ನನ್ನ ಕಡೆ ತಿರುಗಿ, ಹತ್ತು ವರ್ಷದಲ್ಲಿ ಮೊದಲ ಸಲ ಕೈ ಮುಗಿಯುವ ಧ್ವನಿಯಲ್ಲಿ, "ನಿಮ್ದು ನಡೀತದಲ್ರಿ ಮಾಸ್ತರ್ರ?" ಎಂದರು. ನಡೆಯಿತು. ಭಾಗ್ಯಾ ಕಿಂಡಿಗೆ ಕಣ್ಣಿಟ್ಟು, ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ಖಟಕ್ ಎಂದ ಮೇಲೆ ತುಸು ತಡೆದು, ಅತ್ತೆ-ಸೊಸೆ ಉಸಿರು ಬಿಟ್ಟು ಒಬ್ಬರನ್ನೊಬ್ಬರು ನೋಡಿದಾಗ ಮತ್ತೊಮ್ಮೆ ಖಟಕ್ ಎನಿಸಿದಳು.

ಕೆಲವು ದಿನ ಬಿಟ್ಟು, ಎಲ್ಲ ಫೋಟೋಗಳನ್ನೂ ಸ್ಟುಡಿಯೋದಿಂದ ಕಾಗದ ಸುತ್ತಿಯೇ ಬಂದ ಆ ದೊಡ್ಡದನ್ನೂ ಹಿಡಿದುಕೊಂಡು ಮೂವರೂ ಮತ್ತೆ ಹೋದೆವು. ಭಾಗ್ಯಾ ಕಾಗದ ಬಿಚ್ಚಿದಳು. ನಾನು ಬಗ್ಗಿ ನೋಡಿದೆ. ಚಿತ್ರವೇನೋ ಬಲು ಚಂದ, ಅತ್ತೆಯ ಸುಕ್ಕುಗಟ್ಟಿದ ಕೈ, ಸೊಸೆಯ ತುಂಬಿದ ಮುಖ, ಇಬ್ಬರಲ್ಲೂ ಅದೇ ಬಿಡುಗಡೆಯ ನಗೆ. ಆದರೆ ಕ್ಯಾಮೆರಾವನ್ನು ನಿಲುವಾಗಿ ಹಿಡಿದದ್ದರಿಂದ ಮೂಲೆ ಬದಲಾಗಿ, ಪುಟ್ಟ ಪರದೆಯಲ್ಲಿ ಕಾಣದೆ ಉಳಿದದ್ದು ದೊಡ್ಡದಾದ ಮೇಲೆ ಎದ್ದು ಕಂಡು, ನನ್ನ ಹಕ್ಕಿ ನೇರವಾಗಿ ಬಂದು ಬಸುರಿಯ ಕೆನ್ನೆಯ ಮೇಲೆ ಕೂತಿತ್ತು! ಕರ್ರಗೆ, ದುಂಡಗೆ. ಭಾವನವರು ನನ್ನ ತೊಡೆಯನ್ನು ಚಿವುಟಿದರು. ಆಯಿತು, ಹುಡುಗಿಯ ಹಾದಿಗೆ ನನ್ನ ಹಕ್ಕಿಯೇ ಅಡ್ಡ ಬಂತು ಎಂದು ನಾನು ಕೋಟೆಯ ಗಾಳಿಗೆ ಮನಸಾರೆ ಶಾಪ ಹಾಕಿದೆ.

ಭಾಗ್ಯಾಳೂ ಆಗಲೇ ಕಂಡಿದ್ದಳು. ಮುಚ್ಚಿಡುವ ಹುಡುಗಿಯಲ್ಲ ಅವಳು. "ಅಮ್ಮಾ, ಇದು ಕ್ಯಾಮೆರಾದಾಗಿನ ಧೂಳರಿ. ತಪ್ಪಾಗ್ಯದ. ಕಂಪ್ಯೂಟರ್‌ನ್ಯಾಗ ತಗದು ಬ್ಯಾರೆ ಮಾಡಿಸಿ ಕೊಡ್ತೀನಿ" ಎಂದು ಕೈ ಚಾಚಿದಳು.

ಹಿರಿಯಾಕೆ ಫೋಟೋ ಬಿಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಹತ್ತಿರ ಹಿಡಿದರು, ದೂರ ಹಿಡಿದರು. ನಾವು ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೆವು. ನಮ್ಮ ಪಾಲಿಗೆ ಖಟಕ್ ಎನ್ನುವವರು ಯಾರೂ ಇರಲಿಲ್ಲ. ಆಮೇಲೆ ಅವರು ಸೊಸೆಯನ್ನು ಕೂಗಿ ಕರೆದು, "ನೋಡವ್ವಾ, ಅವತ್ತು ಗದ್ದಲದಾಗ ನಿನಗ ದೃಷ್ಟಿ ಬೊಟ್ಟು ಇಡೂದ ಮರ್ತಿದ್ದೆ. ಮೂರು ದಿನ ನನಗ ನಿದ್ದಿ ಇಲ್ಲ. ಈ ಹುಡುಗಿ ಕ್ಯಾಮೆರಾ ಇಟ್ಟದ ನೋಡು" ಎಂದರು. ಫೋಟೋವನ್ನು ಎದೆಗೆ ಒತ್ತಿಕೊಂಡು ಭಾಗ್ಯಾಳ ಕಡೆ ತಿರುಗಿ, "ತಗೀಬ್ಯಾಡ ಯವ್ವಾ. ಹಿಂಗೇ ಇರ್ಲಿ. ಮುಂದಿನ ತಿಂಗಳು ನಮ್ಮ ತಂಗೀ ಮನ್ಯಾಗೂ ಕಾರ್ಯ ಅದ, ನೀನೇ ಬರಬೇಕು, ಇದೇ ಕ್ಯಾಮೆರಾ ತರಬೇಕು" ಎಂದರು. ಭಾಗ್ಯಾ ನಕ್ಕಳು, ಜೊತೆಗೇ ಅತ್ತಳು. ಬಿ.ಎಡ್. ವಿಷಯವನ್ನು ಅಂದಿನಿಂದ ಭಾವನ ಮನೆಯಲ್ಲಿ ಯಾರೂ ಎತ್ತಿಲ್ಲ.

ಹುಮನಾಬಾದಿಗೆ ಮರಳುವ ಬಸ್ಸಿನಲ್ಲಿ ಭಾಗ್ಯಾ ಮುಂದಿನ ಸೀಟಿನಲ್ಲಿ ಎರಡೂ ಕ್ಯಾಮೆರಾಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಬರಿಗೈಯವರು. ಹೋಲಿಸಲು ಏನೂ ಉಳಿದಿರಲಿಲ್ಲ. ಕಿಟಕಿಯಾಚೆ ಮೋಡವಿಲ್ಲದ ಸ್ವಚ್ಛ ಆಕಾಶ. ಅಭ್ಯಾಸಬಲದಿಂದ ನಾನು ಅದರ ಬಲಮೂಲೆಯನ್ನು ನೋಡಿದೆ. ಖಾಲಿ ಇತ್ತು. ಭಾವನವರೂ ಅಲ್ಲಿಯೇ ನೋಡುತ್ತಿದ್ದರು ಕಾಣುತ್ತದೆ. "ಏನರೇ ಅನ್ರಿ ಮಾಸ್ತರ್ರ" ಎಂದರು, "ನಿಮ್ಮ ಹಕ್ಕಿ ಬರೋಬರ್ ಜಾಗಾ ನೋಡಿ ಕುಂತದ."

ಹತ್ತು ವರ್ಷ ಕಾದ ಮಾತು. ಅದನ್ನು ಅವರ ಬಾಯಿಂದ ಕೇಳಿದಾಗ ಖುಷಿಗಿಂತ ಹೆಚ್ಚಾಗಿ ಗಾಬರಿಯಾಯಿತು. ಇಬ್ಬರೂ ಹಕ್ಕಿ ಎಂದುಬಿಟ್ಟರೆ ಮುಂದಿನ ಹಬ್ಬಕ್ಕೆ ಅವರ ಮನೆಗೆ ಹೋಗಿ ನಾನು ಮಾತಾಡುವುದಾದರೂ ಏನನ್ನು?

"ಹಕ್ಕಿ ಎಲ್ಲೀದು ಭಾವ" ಎಂದೆ, "ಧೂಳ ಅದು."

"ಧೂಳ ಹ್ಯಾಂಗ ಆಗ್ತದರಿ?" ಎಂದು ಅವರು ಸೀಟಿನಲ್ಲಿ ನನ್ನ ಕಡೆ ತಿರುಗಿ ಕೂತರು. ಬಸ್ಸು ಹುಮನಾಬಾದು ಮುಟ್ಟಿದರೂ ವಾದ ಮುಗಿದಿರಲಿಲ್ಲ.